ಮಾವನವರ ದೋಣಿಗೆ ಹೊಸ ಮೈ

ನಮ್ಮ ಸಂಘದ ಯುಗಾದಿ ಕೂಟದಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಎಲೆಯ ಹಿರಿಯರು ನನ್ನ ಕಡೆ ಬಾಗಿ, "ನಿಮ್ಮ ಮಾವನವರ ದೋಣಿಗೆ ಅದೇನೋ ಹಚ್ಚಿಸಿದಿರಂತಲ್ಲ? ಊರಿನಲ್ಲಿ ನನ್ನ ತಮ್ಮನದೂ ಒಂದು ಹಳೆಯ ಫೈಬರ್ ದೋಣಿ ಉಂಟು. ಬಣ್ಣ ಬಳಿಯಲೋ, ಜೆಲ್‌ಕೋಟ್ ಹಚ್ಚಲೋ ಎಂದು ವಾರಕ್ಕೆರಡು ಸಲ ಫೋನು ಮಾಡುತ್ತಾನೆ. ಏನು ಹೇಳಲಿ?" ಎಂದರು. ನಾನು ಹೇಳಲು ಆರಂಭಿಸಿದೆ. ಕೋಸಂಬರಿ ಮುಗಿದು, ಪಾಯಸ ಬಂದು, ಎಲೆ ತೆಗೆಯುವವರು ನನ್ನ ಹಿಂದೆ ನಿಂತು ಕೆಮ್ಮಿದರೂ ನನ್ನ ಉತ್ತರ ಮುಗಿದಿರಲಿಲ್ಲ. ಎದುರಿನ ಪಂಕ್ತಿಯಲ್ಲಿದ್ದ ಸಂಪಾದಕರು, "ಅದನ್ನೆಲ್ಲ ಬರೆದು ಕೊಡಿ ಮಹಾರಾಯರೇ, ಅವರು ಮಜ್ಜಿಗೆಯನ್ನಾದರೂ ಕುಡಿಯಲಿ" ಎಂದರು. ಹೀಗೆ ಈ ಲೇಖನ ಹುಟ್ಟಿತು.

ಮೊದಲು ನನ್ನ ಯೋಗ್ಯತೆ ಎಷ್ಟೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ನಾನು ದೋಣಿ ಕಟ್ಟುವವನೂ ಅಲ್ಲ, ನಡೆಸುವವನೂ ಅಲ್ಲ. ಸರ್ಕಾರಿ ಕಚೇರಿಯೊಂದರ ಕಾರಕೂನ. ಬಿ.ಎ.ಯಲ್ಲಿ ಇತಿಹಾಸ ಓದಿದವನು. ವರ್ಸೋವಾದಿಂದ ಮಢಕ್ಕೆ ಖಾಡಿ ದಾಟುವ ಆ ಕೆಲವೇ ನಿಮಿಷಗಳ ಹಾದಿಯಲ್ಲೂ ಎರಡು ಕೈಯಿಂದ ಹಲಗೆ ಹಿಡಿದು ಕೂಡುವವನು. ನನ್ನ ಹೆಂಡತಿಯ ತಂದೆ ಹಾಗಲ್ಲ. ಅವರು ಗಂಗೊಳ್ಳಿಯವರು. ಐದು ಹೊಳೆಗಳು ಕೂಡಿ ಕಡಲಿಗೆ ಬೀಳುವ ಅಳಿವೆಯ ದಡದಲ್ಲಿ ಹುಟ್ಟಿ, ಮೀಸೆ ಮೂಡುವ ಮುಂಚೆ ಮುಂಬಯಿಗೆ ಬಂದು, ಸಸೂನ್ ಡಾಕಿನಿಂದ ಹೊರಡುವ ಪರರ ದೋಣಿಗಳಲ್ಲಿ ಇಪ್ಪತ್ತೈದು ವರ್ಷ ಬಲೆ ಎಳೆದವರು. 2011ರಲ್ಲಿ ಕೂಡಿಟ್ಟ ಹಣದಿಂದ, ಮಢದ ಒಬ್ಬ ಕೋಳಿ ಗೆಳೆಯರೊಡನೆ ಪಾಲು ಸೇರಿ, ಒಂದು ಹಳೆಯ ಫೈಬರ್ ದೋಣಿಯನ್ನು ಕೊಂಡರು. ಇಪ್ಪತ್ತೆರಡು ಅಡಿ ಉದ್ದ. ಹಿಂದೆ ತೂಗುಹಾಕುವ ಎಂಜಿನು. ಅಳಿಯನಿಗೆ ಹಾಕಿದ ಉಂಗುರ ಮಾಂಜಿ ಮೀನಿನಿಂದ ಬಂದದ್ದೆಂದು ಅತ್ತೆಯವರು ಈಗಲೂ ನಗೆಯಾಡುವುದುಂಟು. ಮಾಂಜಿ ಎಂದರೆ ಮುಂಬಯಿಯವರ ಪಾಪ್ಲೆಟ್. ಘಟ್ಟದ ಮೇಲಿನ ವಾಚಕರಿಗಾಗಿ ಹೇಳಿದೆ.

ಈಗ ಫೈಬರ್ ಎಂದರೇನು ಎಂಬುದಕ್ಕೆ ಬರೋಣ. ನಮ್ಮ ಅಜ್ಜಂದಿರ ಕಾಲದಲ್ಲಿ ದೋಣಿ ಎಂದರೆ ಮರ. ಮರಕ್ಕೆ ವರ್ಷವರ್ಷವೂ ಮೀನೆಣ್ಣೆ. ಗಾಜಿನ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ನೆನೆಸಿ ದೋಣಿ ಮಾಡುವ ಕೆಲಸ ಅಮೆರಿಕೆಯಲ್ಲಿ 1940ರ ದಶಕದಲ್ಲಿ ಶುರುವಾಯಿತು. ಓಹಾಯೋ ಪ್ರಾಂತ್ಯದ ರೇ ಗ್ರೀನ್ ಎಂಬವರು 1942ರಲ್ಲಿ ಅಂಥ ಒಂದು ಪುಟ್ಟ ದೋಣಿಯನ್ನು ಮಾಡಿದರೆಂದು ಹೇಳುತ್ತಾರೆ. ನಮ್ಮ ದೇಶದ ಮೀನುಗಾರರಿಗೆ ಅದು ತಲುಪುವ ಹೊತ್ತಿಗೆ ಹಲವು ದಶಕ ಕಳೆದವು. 1979ರಲ್ಲಿ ಮದರಾಸಿನಲ್ಲಿ ಆರಂಭವಾದ ಬಂಗಾಳ ಕೊಲ್ಲಿಯ ಮೀನುಗಾರಿಕೆ ಯೋಜನೆಯವರು ದಡದ ಮರಳಿಗೆ ಎಳೆಯಬಹುದಾದ ಫೈಬರ್ ದೋಣಿಗಳನ್ನು ಮಾಡಿ ತೋರಿಸಿದರು. 2004ರ ಡಿಸೆಂಬರಿನ ಸುನಾಮಿ ತಮಿಳುನಾಡಿನ ಕಟ್ಟುಮರಗಳನ್ನು ಕೊಚ್ಚಿಕೊಂಡು ಹೋದ ಮೇಲಂತೂ ಅಲ್ಲಿ ಎಲ್ಲೆಲ್ಲಿಯೂ ಫೈಬರೇ ಆಯಿತು. ಮರಕ್ಕೆ ಹುಳು ಹಿಡಿಯುತ್ತದೆ, ಫೈಬರಿಗೆ ಹಿಡಿಯುವುದಿಲ್ಲ. ಆದ್ದರಿಂದ ಅದಕ್ಕೆ ಏನೂ ಮಾಡಬೇಕಾಗಿಲ್ಲ ಎಂಬ ನಂಬಿಕೆ ಬೆಳೆಯಿತು. ಹತ್ತು ಹನ್ನೆರಡು ವರ್ಷ ಅದು ನಿಜವೂ ಹೌದು.

ಇದರ ಹುಟ್ಟಿನ ಕ್ರಮ ವಿಚಿತ್ರ. ನಮ್ಮ ಕರಾವಳಿಯ ತಾಯಂದಿರಿಗೆ ಕೊಟ್ಟೆ ಕಡುಬು ಗೊತ್ತು. ಹಲಸಿನೆಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಬೇಯಿಸಿ, ಎಲೆ ಬಿಡಿಸಿದರೆ ಕಡುಬಿನ ಮೈ ಮೇಲೆ ಎಲೆಯ ನರಗಳೆಲ್ಲ ಮೂಡಿರುತ್ತವೆ. ಫೈಬರ್ ದೋಣಿಯೂ ಹೀಗೆಯೇ. ಕನ್ನಡಿಯಂತೆ ನುಣುಪಾದ ಒಂದು ದೊಡ್ಡ ಅಚ್ಚು ಇರುತ್ತದೆ. ಅದರ ಒಳಮೈಗೆ ಮೊದಲು ಬಣ್ಣ ಕಲಸಿದ ಗಟ್ಟಿ ರಾಳವನ್ನು ಅರ್ಧ ಮಿಲಿಮೀಟರಿನಷ್ಟು ದಪ್ಪ ಬಳಿಯುತ್ತಾರೆ. ಇದೇ ಜೆಲ್‌ಕೋಟ್. ಅದು ತಕ್ಕಮಟ್ಟಿಗೆ ಬಿಗಿದ ಮೇಲೆ ಗಾಜಿನ ನಾರಿನ ಚಾಪೆ, ಅದರ ಮೇಲೆ ರಾಳ, ಮತ್ತೆ ಚಾಪೆ, ಮತ್ತೆ ರಾಳ. ಎಲ್ಲ ಗಟ್ಟಿಯಾದ ಮೇಲೆ ಅಚ್ಚಿನಿಂದ ಎತ್ತಿದರೆ ಮೊದಲು ಬಳಿದದ್ದು ಹೊರಗೆ ಬರುತ್ತದೆ. ಅಂದರೆ ಮನೆ ಕಟ್ಟುವುದಕ್ಕೆ ಮುಂಚೆಯೇ ಗೋಡೆಗೆ ಸುಣ್ಣ ಬಳಿದು, ಆ ಸುಣ್ಣದ ಬೆನ್ನಿಗೆ ಗೋಡೆ ಕಟ್ಟಿದ ಹಾಗೆ! ಆ ಜೆಲ್‌ಕೋಟೂ ಅದರ ಹಿಂದಿನ ರಾಳವೂ ರಸಾಯನದಿಂದಲೇ ಬೆಸೆದುಕೊಂಡಿರುತ್ತವೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲವಾದ್ದರಿಂದಲೇ ಕೆಟ್ಟೆ.

2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯ ಮಗ್ಗುಲಿನಿಂದ ಹಾದು ಗುಜರಾತಿನ ಕಡೆಗೆ ಹೋಯಿತು. ಕೊಲಾಬಾದಲ್ಲಿ ಗಾಳಿ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ಬೀಸಿತು. ಮಢದ ಖಾಡಿಯಲ್ಲಿ ಲಂಗರು ಹಾಕಿದ್ದ ನಮ್ಮ ದೋಣಿ ಹಗ್ಗ ಹರಿದುಕೊಂಡು ಪಕ್ಕದ ದೋಣಿಗೆ ಉಜ್ಜಿ, ದಡದ ಕಲ್ಲಿಗೆ ಮೂತಿ ಹೊಡೆದುಕೊಂಡು ನಿಂತಿತು. ಮುಳುಗಲಿಲ್ಲ, ದೇವರ ದಯೆ. ಆದರೆ ಮೂತಿಯ ಜೆಲ್‌ಕೋಟ್ ಅಂಗೈ ಅಗಲ ಎದ್ದುಹೋಗಿ ಒಳಗಿನ ನಾರು ಕಾಣುತ್ತಿತ್ತು. ಎಡಗಡೆಯ ಮೈ ತುಂಬ ಗೀರು. ಮೊದಲೇ ಹದಿನೆಂಟು ವರ್ಷ ಬಿಸಿಲು ಕಂಡ ದೋಣಿ. ಮೈ ಮೇಲೆ ಕೈಯಾಡಿಸಿದರೆ ಕರಿಹಲಗೆಯ ಸೀಮೆಸುಣ್ಣದಂತೆ ಬಿಳಿಪುಡಿ ಅಂಗೈಗೆ ಹತ್ತುತ್ತಿತ್ತು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿ ಹೇಗೂ ದಡದ ಮೇಲೆ, ಕೆಲಸವೂ ಇಲ್ಲ. ದುರಸ್ತಿಗೆ ಇದಕ್ಕಿಂತ ಪ್ರಶಸ್ತವಾದ ಕಾಲ ಬೇರೆ ಯಾವುದು ಎಂದು ನಾನು ಲೆಕ್ಕ ಹಾಕಿದೆ. ಕಚೇರಿಯ ಕ್ರೆಡಿಟ್ ಸೊಸೈಟಿಯಲ್ಲಿ ಸಾಲ ತೆಗೆದೆ. ಮಾವನವರ ಇಚ್ಛೆ ಇದ್ದದ್ದು ಎರಡು ಡಬ್ಬಿ ಬಣ್ಣ ತಂದು ಬಳಿದು ಬಿಡುವುದು. ನಾನು ನಾಲ್ಕು ಪುಟ ಓದಿಕೊಂಡಿದ್ದವನು, "ಬಣ್ಣ ಮೇಲಿನ ತೋರಿಕೆ ಮಾವ, ದೋಣಿಯ ಮೂಲ ಚರ್ಮ ಜೆಲ್‌ಕೋಟ್. ಮೂಲಕ್ಕೆ ಮೂಲವನ್ನೇ ಹಚ್ಚಬೇಕು" ಎಂದು ಹಿಡಿದೆ. ಅವರು ಬೀಡಿ ಆರಿಸಿ ನನ್ನನ್ನೇ ನೋಡಿ, "ಹ್ವಾಯ್ ಅಳಿಯರೇ, ದೋಣಿ ಕಡಲಿಗ್ ಹೋಪುದಾ, ಮದಿಗ್ ಹೋಪುದಾ?" ಎಂದರು. ಆದರೂ ಓದಿದ ಅಳಿಯ ಹೇಳುತ್ತಾನೆಂದು ಒಪ್ಪಿಕೊಂಡರು. ಅವರು ಒಪ್ಪದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂಗಡಿಯಲ್ಲಿ ಜೆಲ್‌ಕೋಟ್ ಕೇಳಿದೆ, ಕೊಟ್ಟರು. ಯಾವ ಕೆಲಸಕ್ಕೆ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಜೂನ್ ಮೂರನೆಯ ವಾರ, ಟಾರ್ಪಾಲಿನ ಕೆಳಗೆ, ಹೊರಗೆ ಧೋ ಎಂದು ಮಳೆ. ಒಳಗೆ ಮಾವ, ಅವರ ಪಾಲುಗಾರರು, ಪ್ಯಾಂಟು ಮಡಿಸಿಕೊಂಡ ನಾನು. ನೂರು ಪಾಲಿಗೆ ಎರಡು ಪಾಲು ಹಾರ್ಡ್‌ನರ್ ಎಂದು ತೂಕ ಮಾಡಿ ಕಲಸಿದೆ. ಕಾರಕೂನನಲ್ಲವೇ, ಅಳತೆಯಲ್ಲಿ ಒಂದು ಗ್ರಾಮೂ ತಪ್ಪಲಿಲ್ಲ. ಸಂಜೆಗೆ ದೋಣಿ ಹೊಸದರಂತೆ ಹೊಳೆಯಿತು. ಮರುದಿನ ಮುಟ್ಟಿದರೆ ಅಂಟು. ಮೂರನೆಯ ದಿನವೂ ಅಂಟು. ನಾಲ್ಕನೆಯ ದಿನ ಭಾನುವಾರ ನಾನು ಹೋದಾಗ ಮೈ ತುಂಬ ಮರಳು, ಟಾರ್ಪಾಲಿನ ನೂಲು, ಎರಡು ಕೋಳಿ ಪುಕ್ಕ, ಮೂತಿಯಿಂದ ಹಿಂಭಾಗದವರೆಗೆ ಒಂದು ಬೆಕ್ಕು ನಡೆದುಹೋದ ಹೆಜ್ಜೆಗಳು. ಮಾವನವರು ಮಾತನಾಡದೆ ಕೈಗೆ ಒಂದು ಹೆರೆಯುವ ಕತ್ತಿ ಕೊಟ್ಟರು.

ಮಢದಲ್ಲಿ ಫೈಬರ್ ದೋಣಿಗಳ ದುರಸ್ತಿ ಮಾಡುವ ಒಬ್ಬ ವೃದ್ಧ ಕೋಳಿ ಮೇಸ್ತ್ರಿ ಇದ್ದಾರೆ. ಅವರು ಬಂದು, ಉಗುರಿನಿಂದ ಒತ್ತಿ ನೋಡಿ, ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ಮೇಣ ಹಾಕಿದಿರಾ?"

ಪಾಲಿಯೆಸ್ಟರ್ ರಾಳಕ್ಕೆ ಒಂದು ಸ್ವಭಾವ ಉಂಟು. ಗಾಳಿ ತಾಗುವ ಮೈಯಲ್ಲಿ ಅದು ಪೂರ್ತಿ ಗಟ್ಟಿಯಾಗುವುದಿಲ್ಲ. ಗಾಳಿಯ ಆಮ್ಲಜನಕ ಅದನ್ನು ತಡೆಯುತ್ತದೆ. ಅಚ್ಚಿನಲ್ಲಿ ಇದರಿಂದ ಲಾಭವೇ. ಅಚ್ಚಿಗೆ ಅಂಟಿದ ಮೈಗೆ ಗಾಳಿ ತಾಗದು, ಅದು ಗಟ್ಟಿಯಾಗುತ್ತದೆ. ಬೆನ್ನಿನ ಕಡೆ ಅಂಟಾಗಿ ಉಳಿಯುತ್ತದೆ, ಆ ಅಂಟಿಗೇ ಮುಂದಿನ ನಾರು ಕಚ್ಚಿಕೊಳ್ಳುತ್ತದೆ. ಅದನ್ನೇ ತಂದು ದೋಣಿಯ ಹೊರಮೈಗೆ ಬಳಿದರೆ ಅಂಟು ಹೊರಗಾಯಿತು. ಹೊರಗೆ ಬಳಿಯುವುದಾದರೆ ಕೊನೆಯ ಲೇಪಕ್ಕೆ ಸ್ಟೈರೀನಿನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣವನ್ನು ಸೇರಿಸಬೇಕು. ಅದು ಮೇಲಕ್ಕೆ ತೇಲಿ ಬಂದು ಕೆನೆ ಕಟ್ಟಿ ಗಾಳಿಯನ್ನು ತಡೆಯುತ್ತದೆ. ಮೊದಲಿನ ಲೇಪಗಳಿಗೂ ಮೇಣ ಹಾಕಿದರೆ ಮೇಲಿನ ಲೇಪ ಹಿಡಿಯದು. ಇಷ್ಟೇ ಗುಟ್ಟು. ಡಬ್ಬಿಯ ಮೇಲೆ ಪ್ರಮಾಣವನ್ನು ಓದಿದ ನಾನು ಉಪಯೋಗವನ್ನು ಓದಿರಲಿಲ್ಲ. ಶುಭ್ರವಾದ ಮೈಯಾಗಿದ್ದರೆ ಮೇಣ ಹಾಕಿದ ಇನ್ನೊಂದು ಲೇಪದಿಂದ ಸರಿಪಡಿಸಬಹುದಿತ್ತಂತೆ. ಮರಳು, ಪುಕ್ಕ ಕುಳಿತ ಮೇಲೆ ಹೆರೆಯುವುದೊಂದೇ ದಾರಿ.

ಆಗಸ್ಟ್ 1ಕ್ಕೆ ಉಳಿದ ದೋಣಿಗಳು ಹೊರಟವು. 22ಕ್ಕೆ ನಾರಳಿ ಪೂರ್ಣಿಮೆ; ಕೋಳಿವಾಡದಲ್ಲಿ ಕಡಲಿಗೆ ತೆಂಗಿನಕಾಯಿ ಅರ್ಪಿಸಿದರು. ನಮ್ಮ ದೋಣಿ ನೀರಿಗಿಳಿದದ್ದು 27ಕ್ಕೆ, ಅದೂ ಅಲ್ಲಲ್ಲಿ ತೇಪೆ ಹಾಕಿದ ಬೋಳು ಮೈಯಲ್ಲಿ. ಮಳೆಗಾಲದ ನಂತರದ ಮೊದಲ ದಿನಗಳ ಮೀನು ಎಂದರೆ ಮೀನುಗಾರನ ಮನೆಗೆ ಏನೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆ ತಿಂಗಳು ಅತ್ತೆಯವರ ಎರಡು ಬಳೆಗಳು ಬ್ಯಾಂಕಿಗೆ ಹೋದವು. ನನಗೆ ಇದು ತಿಳಿದದ್ದು ಗಣೇಶ ಚೌತಿಯ ದಿನ, ಅವರು ಕೈಗೆ ಗಾಜಿನ ಬಳೆ ತೊಟ್ಟು ಬಡಿಸುತ್ತಿದ್ದಾಗ. ಮಾವ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ಮುಂದೆ ಆರು ತಿಂಗಳ ಭಾನುವಾರಗಳಲ್ಲಿ ಹೆಚ್ಚಿನವನ್ನು ನಾನು ಆ ಮೇಸ್ತ್ರಿಯ ಹಿಂದೆ ತಿರುಗುವುದರಲ್ಲಿ ಕಳೆದೆ. ಕೆಳಗೆ ಬರೆಯುವುದರಲ್ಲಿ ಬಹುಪಾಲು ಅವರು ಕೈಯಿಂದ ತೋರಿಸಿದ್ದು. ಕಾರಣಗಳನ್ನು ನಾನು ಆಮೇಲೆ ಓದಿ ಹೊಂದಿಸಿಕೊಂಡೆ.

ಅವರು ಮೊದಲು ಮಾಡಿಸಿದ್ದು ಬಣ್ಣವೂ ಅಲ್ಲ, ಜೆಲ್‌ಕೋಟೂ ಅಲ್ಲ. ಮಗ್ಗುಲಲ್ಲಿ ನನ್ನ ಕೈ ಬಾರದ ಒಂದೂವರೆ ಅಡಿ ಚೌಕವನ್ನು ಸಾಬೂನಿನಿಂದ ತೊಳೆಸಿ, ಮೋಟಾರುಗಳಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿಸಿ, ಮೇಲೆ ಮೇಣದ ಪಾಲಿಶ್ ಕೊಡಿಸಿದರು. ಆ ಜಾಗ ಹೊಳೆಯಿತು! ಬಿಸಿಲು ಕೊಂದದ್ದು ಮೇಲಿನ ತೆಳ್ಳನೆಯ ಪದರವನ್ನು ಮಾತ್ರ. ಕೆಳಗೆ ಜೀವಂತ ಜೆಲ್‌ಕೋಟ್ ಇತ್ತು. ಹಳೆಯ ದೋಣಿಯ ಮೈ ಮಾಸಿತೆಂದು ಹಣ ಬಿಚ್ಚುವ ಮುನ್ನ ಎಲ್ಲರೂ ಈ ಪರೀಕ್ಷೆ ಮಾಡಬೇಕು. ಹೀಗೆ ತಿಕ್ಕಿದಾಗ ನಾರಿನ ಚಾಪೆಯ ನೆಯ್ಗೆ ಇಣುಕತೊಡಗಿದರೆ ಜೆಲ್‌ಕೋಟ್ ಸವೆದು ಮುಗಿದಿದೆ ಎಂದರ್ಥ. ಅಲ್ಲಿ ತಿಕ್ಕುವುದನ್ನು ನಿಲ್ಲಿಸಬೇಕು. ನಮ್ಮ ದೋಣಿಯ ಒಂದು ಮಗ್ಗುಲಿಗೆ ಹೀಗೆ ಖರ್ಚೇ ಬರಲಿಲ್ಲ. ಹಿಂದಿನ ವರ್ಷ ನಾನು ಅದರ ಮೇಲೂ ಬಳಿದಿದ್ದೆನಲ್ಲ ಎಂದು ನೆನೆದು ಹೊಟ್ಟೆ ಉರಿಯಿತು.

ಎರಡನೆಯದು ಬೊಕ್ಕೆ. ನೀರಿನಲ್ಲಿ ವರ್ಷಗಟ್ಟಲೆ ನಿಂತ ಫೈಬರಿನೊಳಗೆ ನೀರು ಸಣ್ಣಗೆ ಇಳಿಯುತ್ತದೆ. ಒಳಗಿನ ಕೆಲವು ವಸ್ತುಗಳನ್ನು ಕರಗಿಸಿ, ಮತ್ತಷ್ಟು ನೀರನ್ನು ಎಳೆದುಕೊಂಡು, ಜೆಲ್‌ಕೋಟಿನ ಹಿಂದೆ ಗುಳ್ಳೆ ಕಟ್ಟುತ್ತದೆ. ಒಡೆದರೆ ವಿನೆಗರಿನಂಥ ಹುಳಿ ವಾಸನೆ, ಕಣ್ಣು ದೂರವಿರಲಿ. ಇಂಥ ಜಾಗಕ್ಕೆ ಮೇಲಿನಿಂದ ಏನು ಬಳಿದರೂ ಹುಣ್ಣಿನ ಮೇಲೆ ಪೌಡರು ಹಚ್ಚಿದಂತೆ. ತೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿಯಿಂದ ಮುಚ್ಚಬೇಕು. ನಮ್ಮದರಲ್ಲಿ ಅಡಿಯಲ್ಲಿ ಏಳೆಂಟು ಇದ್ದವು. ಜೇಡರ ಬಲೆಯಂಥ ಬಿರುಕುಗಳೂ ಉಂಟು. ಅವು ಏಟು ಬಿದ್ದಲ್ಲಿ ಅಥವಾ ಮೈ ಬಳುಕುವಲ್ಲಿ ಮೂಡುತ್ತವೆ. ಬಳುಕುವುದನ್ನು ನಿಲ್ಲಿಸದೆ ಬಣ್ಣ ಬಳಿದರೆ ಬಣ್ಣವೂ ಅದೇ ಗೆರೆಯಲ್ಲಿ ಬಿರಿಯುತ್ತದೆ.

ಇನ್ನು ಮುಖ್ಯ ವಿಷಯ. "ಮೂಲಕ್ಕೆ ಮೂಲ" ಎಂದು ನಾನು ವಾದಿಸಿದೆನಷ್ಟೆ? ಆ ವಾದ ಹೊಸ ದೋಣಿಗೆ ಸರಿ, ಹಳೆಯದಕ್ಕೆ ಪೊಳ್ಳು. ಅಚ್ಚಿನಲ್ಲಿ ಜೆಲ್‌ಕೋಟ್ ಮತ್ತು ರಾಳ ಒಂದೇ ಹೊತ್ತಿನಲ್ಲಿ ಗಟ್ಟಿಯಾಗಿ ಬೆಸೆಯುತ್ತವೆ. ಹದಿನೆಂಟು ವರ್ಷದ ಹಿಂದೆಯೇ ಗಟ್ಟಿಯಾದ ಮೈ ಮೇಲೆ ಹೊಸ ಜೆಲ್‌ಕೋಟ್ ಬಳಿದರೆ ಆ ಬೆಸುಗೆ ಮತ್ತೆ ಹುಟ್ಟುವುದಿಲ್ಲ. ಮರಳು ಕಾಗದದಿಂದ ಉಜ್ಜಿದ ಒರಟಿಗೆ ಅದು ಹಲ್ಲು ಕಚ್ಚಿ ನಿಲ್ಲುತ್ತದೆ. ಬಣ್ಣವೂ ಹಾಗೆಯೇ ನಿಲ್ಲುವುದು. ಆದ್ದರಿಂದ ಹಿಡಿತದ ಮಾತಿನಲ್ಲಿ ಮೂಲ, ನಕಲಿ ಎಂಬ ಭೇದ ಇಲ್ಲ. ಭೇದ ಇರುವುದು ದಪ್ಪದಲ್ಲಿ, ದುಡಿಮೆಯಲ್ಲಿ ಮತ್ತು ಆ ಜಾಗಕ್ಕೆ ಬೀಳುವ ಪೆಟ್ಟಿನಲ್ಲಿ.

ದಪ್ಪದ ಲೆಕ್ಕ ನೋಡಿ. ಎರಡು ಡಬ್ಬಿ ಕಲಸಿ ಹಚ್ಚುವ ಪಾಲಿಯುರೆಥೇನ್ ಬಣ್ಣ ಎರಡು ಮೂರು ಲೇಪಕ್ಕೆ ಒಣಗಿದ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಹೆಚ್ಚೆಂದರೆ ಅದಕ್ಕೆ ತುಸು ಮೇಲೆ. ಜೆಲ್‌ಕೋಟ್ ಅದರ ನಾಲ್ಕೈದು ಪಟ್ಟು. ಮರಳಿನ ಮೇಲೆ ಉಜ್ಜುವ ಜಾಗದಲ್ಲಿ ಆ ದಪ್ಪವೇ ಆಯುಷ್ಯ. ಮುಂಬಯಿಯಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗಿಂತ ಹೆಚ್ಚು ಅಂತರ. ದಿನಕ್ಕೆರಡು ಸಲ ನೀರು ಇಳಿದಾಗ ಖಾಡಿಯ ಅಂಚಿನ ದೋಣಿ ನೆಲ ಕಚ್ಚಿ ಕುಳಿತು, ನೀರು ಏರುವಾಗ ಒರಗಿ ಉಜ್ಜಿ ಏಳುತ್ತದೆ. ಜೆಲ್‌ಕೋಟಿಗೆ ಗೀರು ಬಿದ್ದರೂ ಒಳಗೂ ಅದೇ ಬಣ್ಣ ಇರುವುದರಿಂದ ಎದ್ದು ಕಾಣದು. ಬಣ್ಣಕ್ಕೆ ಗೀರು ಬಿದ್ದರೆ ಕೆಳಗಿನ ಪ್ರೈಮರ್ ಹಲ್ಲು ಕಿಸಿಯುತ್ತದೆ.

ಆದರೆ ಜೆಲ್‌ಕೋಟಿಗೆ ಹೊಳಪು ತಾನಾಗಿ ಬರುವುದಿಲ್ಲ. ಅಚ್ಚಿನ ನುಣುಪು ಇಲ್ಲದ ಮೇಲೆ ಬ್ರಷ್ಷಿನಲ್ಲಿ ಬಳಿದ ಜೆಲ್‌ಕೋಟ್ ಕಿತ್ತಳೆ ಸಿಪ್ಪೆಯಂತೆ ಇರುತ್ತದೆ. ಮುಂಬಯಿಯ ಬಡಗಿಗಳು ಪಾಲಿಶ್ ಪೇಪರ್ ಎನ್ನುವ ಮರಳು ಕಾಗದವನ್ನು ನೀರಿನಲ್ಲಿ ಅದ್ದಿ, 320ರಿಂದ ತೊಡಗಿ 400, 600, 800, 1000 ಎಂದು ನಂಬರು ಏರಿಸುತ್ತ ಉಜ್ಜಿ, ಕೊನೆಗೆ ಕಾಂಪೌಂಡು ಹಾಕಿ ತಿಕ್ಕಬೇಕು. ಡಬ್ಬಿಯ ಬೆಲೆ ನೋಡಿದರೆ ಜೆಲ್‌ಕೋಟ್ ಅಗ್ಗ; ಈ ಕೂಲಿ ಸೇರಿಸಿದರೆ ದುಬಾರಿ. ಪಾಲಿಯುರೆಥೇನ್ ಬಣ್ಣ ತಾನೇ ಹರಡಿ ಸಮನಾಗಿ ಹೊಳೆಯುತ್ತದೆ, ಬಿಸಿಲಿಗೂ ಜೆಲ್‌ಕೋಟಿಗಿಂತ ನಿಧಾನವಾಗಿ ಮಾಸುತ್ತದೆ. ಇದಕ್ಕೆ ಇನ್ನೊಂದು ಅನುಕೂಲ. 2008ರ ನವೆಂಬರ್ 26ರ ದಾಳಿಯ ನಂತರ ಮೀನುಗಾರಿಕೆ ದೋಣಿಗಳಿಗೆ ರಾಜ್ಯಕ್ಕೊಂದು ಬಣ್ಣವೆಂಬ ಸರ್ಕಾರದ ಏರ್ಪಾಡು ಬಂತು. ಮೈ ಮೇಲೆ ನೋಂದಣಿ ಸಂಖ್ಯೆಯೂ ಇರಬೇಕು. ಬಣ್ಣ ಬದಲಿಸುವ ಪ್ರಸಂಗ ಬಂದರೆ ಬಣ್ಣ ಬಳಿದವನಿಗೆ ಸುಲಭ.

ಹಾಗಾದರೆ ಇಡೀ ದೋಣಿಗೆ ಬಣ್ಣವೇ ಸಾಲದೇ? ಸಾಲದು. ಪಾಲಿಯುರೆಥೇನ್ ಬಣ್ಣ ಮಳೆ, ಸಿಡಿನೀರು ತಡೆಯುತ್ತದೆ; ಹಗಲಿರುಳು ನೀರಿನಲ್ಲಿ ಮುಳುಗಿದ್ದರೆ ಗುಳ್ಳೆ ಎದ್ದು ಕಳಚುತ್ತದೆ. ನೀರಿನ ಗೆರೆಯ ಕೆಳಗೆ ಎಪಾಕ್ಸಿ, ಅದರ ಮೇಲೆ ಚಿಪ್ಪಿನ ಹುಳುಗಳು ಕೂರದಂತೆ ತಡೆಯುವ ಬೇರೆ ಬಣ್ಣ ಬೇಕು. ಇನ್ನೊಂದು ತೊಡಕು: ಎಪಾಕ್ಸಿಯಿಂದ ದುರಸ್ತಿ ಮಾಡಿದ ಜಾಗದ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ನೆಚ್ಚಿಕೆಯಿಂದ ಹಿಡಿಯುವುದಿಲ್ಲ; ಬಣ್ಣವಾದರೆ ಹಿಡಿಯುತ್ತದೆ. ಯಾವ ದುರಸ್ತಿಯನ್ನು ಯಾವುದರಿಂದ ಮಾಡಿದ್ದೇವೆಂಬುದನ್ನು ಬರೆದಿಡಬೇಕು. ಈ ಕೆಲಸ ಮಾತ್ರ ನನಗೆ ಚೆನ್ನಾಗಿ ಬರುತ್ತದೆ. ದೋಣಿಯ ನಕ್ಷೆ ಬರೆದು, ಬೊಕ್ಕೆಗೆ ಕೆಂಪು, ಗೀರಿಗೆ ನೀಲಿ ಗುರುತು ಹಾಕಿ ಒಂದು ಫೈಲನ್ನೇ ತೆರೆದೆ. ಮಾವನವರು ಅದನ್ನು ನೋಡಿ ಆ ವರ್ಷದಲ್ಲಿ ಮೊದಲ ಸಲ ನಕ್ಕರು.

ಕಾಲದ ಮಾತು ಉಳಿಯಿತು. ಜುಲೈ ತಿಂಗಳೊಂದರಲ್ಲೇ ಸಾಂತಾಕ್ರೂಜಿನಲ್ಲಿ ಸರಾಸರಿ 800 ಮಿಲಿಮೀಟರಿಗೂ ಮಿಕ್ಕಿ ಮಳೆ. ಗಾಳಿಯ ತೇವ ನೂರಕ್ಕೆ 85 ದಾಟಿದರೆ ಇಂಥ ಕೆಲಸಕ್ಕೆ ಕೈ ಹಾಕಬಾರದು. ಕಣ್ಣಿಗೆ ಕಾಣದ ಇಬ್ಬನಿ ಮೈ ಮೇಲೆ ಕೂರುತ್ತದೆ. ಅಂದರೆ ಸರ್ಕಾರ ಮೀನುಗಾರನಿಗೆ ಬಿಡುವು ಕೊಡುವ ಎರಡು ತಿಂಗಳಿನಲ್ಲಿ ಆಕಾಶ ಬಿಡುವು ಕೊಡುವುದಿಲ್ಲ. ಆಕಾಶ ಕೊಡುವ ತಿಂಗಳುಗಳಲ್ಲಿ ಬಲೆ ಬಿಟ್ಟು ಬರಲಾಗದು. ಇದಕ್ಕೆ ಪರಿಹಾರ ಯಾವ ಡಬ್ಬಿಯಲ್ಲೂ ಇಲ್ಲ. ದಿನದ ಲೆಕ್ಕ ಹಾಕಿ ನಷ್ಟವನ್ನು ಮೊದಲೇ ಒಪ್ಪಿಕೊಳ್ಳಬೇಕು. ಮಾವ, ಅವರ ಪಾಲುಗಾರರು, ಮೇಸ್ತ್ರಿ ಮೂವರೂ ಕುಳಿತು 2022ರ ಫೆಬ್ರವರಿಯಲ್ಲಿ ಹನ್ನೆರಡು ದಿನ ಎಂದು ಗೊತ್ತುಮಾಡಿದರು. ಬೊಕ್ಕೆಗಳನ್ನು ಒಣಗಿಸಲು ಇಷ್ಟು ದಿನ ಸಾಲದೆಂದು ಅವನ್ನು ಮುಂದಿನ ಬೇಸಗೆಗೆ ಬಿಟ್ಟರು. ನಾನು ಐದು ದಿನ ರಜೆ ಹಾಕಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಅದು ನ್ಯಾಯವೇ.

ಅವರ ತೀರ್ಮಾನ ಹೀಗಿತ್ತು. ನೆಲಕ್ಕೆ ಉಜ್ಜುವ ಅಡಿಯ ಬೆನ್ನು ಮತ್ತು ಲಂಗರಿನ ಸರಪಳಿ ತಾಗುವ ಮೂತಿ, ಇವೆರಡಕ್ಕೆ ಮೊದಲು ನಾರಿನ ಒಂದು ಪದರ, ಅದರ ಮೇಲೆ ಜೆಲ್‌ಕೋಟ್. ನುಣುಪಿನ ಗೊಡವೆ ಬೇಡ. ನೀರಿನ ಗೆರೆಯ ಮೇಲೆ, ಗೀರು ಬಿದ್ದ ಎಡಗಡೆಯ ಮೈಗೆ ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರೆಥೇನ್ ಬಣ್ಣ ಎರಡು ಲೇಪ. ಬಲಗಡೆಗೆ ಬರಿ ತಿಕ್ಕಿ ಮೇಣ. ಒಳಗೆ ಸಾಬೂನು, ನೀರು. ಅರ್ಧ ಮಿಲಿಮೀಟರ್ ದಪ್ಪಕ್ಕೆ ಒಂದು ಚದರ ಮೀಟರಿಗೆ ಸುಮಾರು 600 ಗ್ರಾಂ ಜೆಲ್‌ಕೋಟ್ ಬೇಕು. ನಾನು ಹಿಂದಿನ ವರ್ಷ ಇಪ್ಪತ್ತು ಚದರ ಮೀಟರಿಗೆಂದು ಹದಿನೈದು ಕಿಲೋ ತಂದಿದ್ದೆ, ಈ ಸಲ ನಾಲ್ಕು ಕಿಲೋದಲ್ಲಿ ತೀರಿತು.

ತಯಾರಿಯಲ್ಲಿ ಒಂದು ಸೂಕ್ಷ್ಮ. ಹಳೆಯ ಮೈಯನ್ನು ಉಜ್ಜುವ ಮೊದಲೇ ಸಾಬೂನಿನಿಂದಲೂ ಥಿನ್ನರಿನಿಂದಲೂ ಒರೆಸಿ ಮೇಣ, ಎಣ್ಣೆ ತೆಗೆಯಬೇಕು. ಮೊದಲು ಉಜ್ಜಿದರೆ ಅದೇ ಜಿಡ್ಡು ಗೀರುಗಳೊಳಗೆ ಇಳಿದು ಕೂರುತ್ತದೆ. ಮೇಲಿನದು ಆರು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ.

ಮಕ್ಕಳಿರುವ ಮನೆಯವರೂ ಈ ಪತ್ರಿಕೆ ಓದುತ್ತಾರಾದ್ದರಿಂದ ಅಪಾಯದ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಾಳದೊಡನೆ ಅಂಗಡಿಯವರು ಎರಡು ಸೀಸೆ ಕೊಡುತ್ತಾರೆ: ಒಂದು ಕೋಬಾಲ್ಟ್, ಒಂದು ಹಾರ್ಡ್‌ನರ್. ಇವೆರಡನ್ನೂ ನೇರವಾಗಿ ಎಂದಿಗೂ ಬೆರೆಸಕೂಡದು. ಬೆಂಕಿ ಹೊತ್ತುತ್ತದೆ, ಸಿಡಿಯಲೂ ಬಹುದು. ಒಂದನ್ನು ರಾಳಕ್ಕೆ ಹಾಕಿ ಚೆನ್ನಾಗಿ ಕದಡಿದ ಮೇಲೆಯೇ ಇನ್ನೊಂದು. ಹಾರ್ಡ್‌ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಕನ್ನಡಕ ಹಾಕಲೇಬೇಕು, ಪಕ್ಕದಲ್ಲಿ ಒಂದು ಬಿಂದಿಗೆ ನೀರು ಇರಲೇಬೇಕು. ಪಾಲಿಯುರೆಥೇನ್ ಬಣ್ಣವನ್ನು ಮನೆಯ ಗೋಡೆಯ ಬಣ್ಣದಂತೆ ಪಂಪಿನಿಂದ ಸಿಂಪಡಿಸಬಾರದು. ಅದರ ಹಾರ್ಡ್‌ನರಿನ ಹನಿ ಉಸಿರಿನಲ್ಲಿ ಹೋದರೆ ಉಬ್ಬಸ ಅಂಟಿಕೊಳ್ಳುತ್ತದೆ. ರೋಲರಿನಿಂದ ಹರಡಿ ಬ್ರಷ್ಷಿನ ತುದಿಯಿಂದ ಎಳೆದರೆ ಸಾಕಷ್ಟು ನುಣುಪು ಬರುತ್ತದೆ. ಗಾಜಿನ ಪುಡಿಯ ತುರಿಕೆಯನ್ನು ನಾನು ವರ್ಣಿಸುವುದಿಲ್ಲ. ಒಂದು ವಾರ ನನ್ನ ಬಟ್ಟೆಗಳನ್ನು ಮನೆಯಲ್ಲಿ ಬೇರೆ ಬಕೆಟಿನಲ್ಲಿ ಒಗೆದರು.

ಹದಿಮೂರನೆಯ ದಿನದ ಭರತಕ್ಕೆ ದೋಣಿ ಎದ್ದಿತು. ಮೂರು ಮಳೆಗಾಲ ಕಳೆದ ಮೇಲೆ ನೋಡಿದಾಗ ಅಡಿಯ ಜೆಲ್‌ಕೋಟ್ ಗೀರುಬಿದ್ದರೂ ಗಟ್ಟಿಯಾಗಿತ್ತು. ಎಡ ಮೈಯ ಬಣ್ಣ, ಪಕ್ಕದ ದೋಣಿಗಳ ಹಳೆಯ ಟೈರು ಉಜ್ಜುವ ಒಂದು ಗೇಣು ಜಾಗ ಬಿಟ್ಟು, ಹೊಳೆಯುತ್ತಿತ್ತು. ಬಲ ಮೈಗೆ ಮಾತ್ರ ವರ್ಷಕ್ಕೊಮ್ಮೆ ಮೇಣ ಬೇಕಾಯಿತು, ಅದು ನನ್ನ ಪಾಲಿನ ಕೆಲಸವಾಯಿತು. 2023ರ ಬೇಸಗೆಯಲ್ಲಿ ಬೊಕ್ಕೆಗಳನ್ನು ತೆರೆದು ಮುಚ್ಚಿದ್ದೂ ಆಯಿತು. ಅತ್ತೆಯವರ ಬಳೆಗಳು 2022ರ ದೀಪಾವಳಿಗೆ ಮನೆಗೆ ಬಂದವು. ಎರಡರಲ್ಲಿ ಒಂದನ್ನು ಅವರು ತೊಡುತ್ತಾರೆ. ಇನ್ನೊಂದನ್ನು ಮೊಮ್ಮಗಳಿಗೆಂದು ಎತ್ತಿಟ್ಟಿದ್ದಾರೆ.

ಯುಗಾದಿ ಕೂಟದ ಹಿರಿಯರಿಗೆ ಒಂದು ಮಾತು: ತಮ್ಮನವರನ್ನು ಕೇಳಿ, ಅವರ ದೋಣಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಮರಳಿನ ಮೇಲೋ, ನೀರಿನಲ್ಲೋ? ಅದು ತಿಳಿದ ಮೇಲೆ ಮತ್ತೆ ಫೋನು ಮಾಡಿ.

ಹಿಂದಿನ ವರ್ಷದ ಜೆಲ್‌ಕೋಟಿನಲ್ಲಿ ಉಳಿದಿದ್ದ ಎರಡು ಕಿಲೋವನ್ನು ನಾನು ಹಟದಿಂದ ಮನೆಗೆ ತಂದು ಇಟ್ಟಿದ್ದೆ. ಅದು ಡಬ್ಬಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲವೆಂದು ಆಗ ನನಗೆ ತಿಳಿಯದು. ಮೇ ತಿಂಗಳ ಸೆಕೆಗೆ ಅದು ಹಾರ್ಡ್‌ನರ್ ಇಲ್ಲದೆ ತಾನೇ ಕಲ್ಲಾಯಿತು. ನಮ್ಮ ಬಾಲ್ಕನಿಯ ಬಾಗಿಲು ಗಾಳಿಗೆ ಬಡಿಯದಂತೆ ನನ್ನಾಕೆ ಆ ಡಬ್ಬಿಯನ್ನೇ ಒತ್ತಾಗಿ ಇಟ್ಟಿದ್ದಾಳೆ.